ಗುಂಡು ಹಾರದ ಹೊತ್ತಿನ ಯುದ್ಧ

ಬೆಟ್ಟದ ಆ ಏಣಿನ ಮೇಲೆ ಮಣ್ಣು ಹೆಸರಿಗಷ್ಟೇ. ಪಿಕಾಸಿ ಎತ್ತಿ ಹಾಕಿದರೆ ಟಣ್ಣೆಂದು ಪುಟಿದು ಕೈ ಜುಮ್ಮೆನ್ನುತ್ತದೆ, ಕಲ್ಲಿನ ಚೂರೊಂದು ಸಿಡಿದು ಮೊಣಕಾಲಿಗೆ ಬಡಿಯುತ್ತದೆ. ಅಂಗಿ ಬಿಚ್ಚಿದ ಹುಡುಗರ ಮೈಮೇಲೆಲ್ಲ ಬೂದುಬಣ್ಣದ ಧೂಳು, ಬೆವರು ಹರಿದ ಜಾಗದಲ್ಲಿ ಮಾತ್ರ ಚರ್ಮದ ಬಣ್ಣದ ಗೆರೆಗಳು. ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಸಲಿಕೆಯಲ್ಲಿ ಬಾಚುತ್ತಾನೆ, ಮತ್ತೊಬ್ಬ ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುತ್ತಾನೆ. ತುಂಬಿದ ಚೀಲಗಳು ಒಂದರ ಮೇಲೊಂದು ಕೂತು ಗೋಡೆಯಾಗಬೇಕು. ತಂತಿಬಲೆಗೆ ದಪ್ಪ ಬಟ್ಟೆ ಒಳಹೊದಿಸಿದ ಆಳೆತ್ತರದ ಪೆಟ್ಟಿಗೆಗಳೂ ಇವೆ. ಅವುಗಳ ಹೊಟ್ಟೆಗೂ ಇದೇ ಕಲ್ಲುಮಣ್ಣು ಸುರಿಯಬೇಕು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಬಂದೂಕುಗಳು ಒರಗಿವೆ. ಎದುರು ಬೆಟ್ಟದಿಂದ ಚಟಚಟ ಸದ್ದು ಬಂತೋ, ಸಲಿಕೆ ಬಿದ್ದಲ್ಲೇ ಬೀಳುತ್ತದೆ, ಕೈಗೆ ಬಂದೂಕು ಬರುತ್ತದೆ. ಸದ್ದು ಅಡಗಿದ ಮೇಲೆ ಯಾರೋ ನಗುತ್ತಾರೆ, ಯಾರೋ ಸಿಗರೇಟು ಹಚ್ಚುತ್ತಾರೆ, ಮತ್ತೆ ಸಲಿಕೆ ಕಲ್ಲು ಕೆರೆಯುವ ಸದ್ದು ಶುರುವಾಗುತ್ತದೆ.

ಸ್ವಲ್ಪ ಹೊತ್ತು ನೀವೂ ಈ ಗೋಡೆಯ ಮರೆಯಲ್ಲಿ ಕೂತು ನೋಡಿ. ಕೆಳಗಿನ ಕಣಿವೆ ಯುದ್ಧಕ್ಕೆಂದು ಹುಟ್ಟಿದ್ದಲ್ಲ. ಇಳಿಜಾರಿನುದ್ದಕ್ಕೂ ಮೆಟ್ಟಿಲುಗದ್ದೆಗಳು, ಕಲ್ಲು ಮತ್ತು ಮರದ ತೊಲೆಗಳನ್ನು ಸಾಲುಸಾಲಾಗಿ ಪೇರಿಸಿ ಕಟ್ಟಿದ ಮನೆಗಳು, ಕೆಳಮನೆಯ ಮಾಳಿಗೆಯೇ ಮೇಲ್ಮನೆಯ ಅಂಗಳ. ಅದರ ಮೇಲಕ್ಕೆ ದೇವದಾರು ಕಾಡು. ಸಂಜೆಯಾದರೆ ಬೆಟ್ಟದ ನೆರಳು ಹಳ್ಳಿಗಳ ಮೇಲೆ ನಿಧಾನವಾಗಿ ಹತ್ತುತ್ತದೆ, ಒಲೆಗಳ ಹೊಗೆ ಏಳುತ್ತದೆ. ಹತ್ತು ಕಿಲೋಮೀಟರ್ ಆಸುಪಾಸಿನ ಉದ್ದದ ಈ ಕೊರೆಂಗಲ್ ಕಣಿವೆ ಅಫ್ಘಾನಿಸ್ತಾನದ ಪೂರ್ವ ಅಂಚಿನ ಕುನಾರ್ ಪ್ರಾಂತ್ಯದಲ್ಲಿದೆ. ಬೆಟ್ಟದ ಮೇಲೆ ಗೋಡೆ ಕಟ್ಟುತ್ತಿರುವ ಹುಡುಗರು ಅಮೆರಿಕದವರು, 173ನೇ ಏರ್‌ಬೋರ್ನ್ ಬ್ರಿಗೇಡಿನ ಒಂದು ಪ್ಲಟೂನಿನವರು. 2007ರ ಬೇಸಿಗೆಯ ಹೊತ್ತಿಗೆ ಬಂದಿಳಿದವರಿಗೆ ಇಲ್ಲಿ 15 ತಿಂಗಳ ವಾಸ ಬರೆದಿತ್ತು. ಅವರ ನಡುವೆ, ಅದೇ ಧೂಳಿನಲ್ಲಿ, ಸಣ್ಣ ವಿಡಿಯೊ ಕ್ಯಾಮೆರಾ ಹಿಡಿದ ಇಬ್ಬರಿದ್ದಾರೆ. ಅಮೆರಿಕದ ಬರಹಗಾರ ಸೆಬಾಸ್ಟಿಯನ್ ಯುಂಗರ್ ಮತ್ತು ಬ್ರಿಟನ್ನಿನ ಛಾಯಾಗ್ರಾಹಕ ಟಿಮ್ ಹೆದರಿಂಗ್‌ಟನ್. ಅವರು ಮಾಡಿದ ಚಿತ್ರ ‘ರೆಸ್ಟ್ರೆಪೊ’ 2010ರಲ್ಲಿ ಹೊರಬಂತು.

ಹೆಸರು ಒಬ್ಬ ಹುಡುಗನದು. ಹುವಾನ್ ಸೆಬಾಸ್ಟಿಯನ್ ರೆಸ್ಟ್ರೆಪೊ ಕೊಲಂಬಿಯಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವನು, ತುಕಡಿಯ ವೈದ್ಯಕೀಯ ಸಹಾಯಕ. ಗಾಯಗೊಂಡವರ ರಕ್ತ ನಿಲ್ಲಿಸುವುದು ಅವನ ಕೆಲಸ. ಇಲ್ಲಿಗೆ ಹೊರಡುವ ಮೊದಲು ಇಟಲಿಯ ರೈಲೊಂದರಲ್ಲಿ ಗೆಳೆಯರೊಂದಿಗೆ ಕೂತು, ಕ್ಯಾಮೆರಾವನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡು, ಬದುಕು ಸೊಗಸಾಗಿದೆ, ಯುದ್ಧಕ್ಕೆ ಹೊರಟಿದ್ದೇವೆ ಎಂಬಂತೆ ನಕ್ಕು ಮಾತಾಡುತ್ತಾನೆ. ಕಣಿವೆಗೆ ಬಂದ ಕೆಲವೇ ವಾರಗಳಲ್ಲಿ, ಜುಲೈ ತಿಂಗಳಲ್ಲಿ, ಕುತ್ತಿಗೆಗೆ ಗುಂಡು ತಗುಲಿ ಸತ್ತ. ಎಲ್ಲರ ರಕ್ತ ನಿಲ್ಲಿಸಬೇಕಾದವನ ರಕ್ತ ನಿಲ್ಲಲಿಲ್ಲ. ಅವನ ಗೆಳೆಯರು ರಾತ್ರಿಯ ಕತ್ತಲಲ್ಲಿ ಈ ಏಣನ್ನು ಹತ್ತಿ, ಅಗೆದು, ಚೀಲ ತುಂಬಿ ಎಬ್ಬಿಸಿದ ಹೊರಠಾಣೆಗೆ ಅವನ ಹೆಸರಿಟ್ಟರು. ಹರಿಯುವ ನೀರಿಲ್ಲ, ಮನೆಗೆ ಫೋನಿಲ್ಲ. ಊಟವೆಂದರೆ ಪೊಟ್ಟಣದಲ್ಲಿ ಬಂದದ್ದು. ಮಲವನ್ನು ಡಬ್ಬಿಯಲ್ಲಿ ಹಾಕಿ ಇಂಧನ ಸುರಿದು ಸುಡಬೇಕು. ಆ ಕಪ್ಪು ಹೊಗೆಯ ನಾತ, ತೊಳೆಯದ ಬಟ್ಟೆಯ ಬೆವರು ನಾತ, ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಪರದೆಯಾಚೆಯಿಂದಲೂ ಮೂಗಿಗೆ ಬಂದಂತಾಗುತ್ತದೆ. ಚಿತ್ರ ಅಷ್ಟು ಹತ್ತಿರಕ್ಕೆ ಕರೆದೊಯ್ಯುತ್ತದೆ.

ಯುದ್ಧದ ಚಿತ್ರವೆಂದರೆ ಗುಂಡಿನ ಸುರಿಮಳೆ ಎಂದುಕೊಂಡು ಕೂತವರಿಗೆ ಇಲ್ಲಿ ಹೆಚ್ಚು ಕಾಣಸಿಗುವುದು ಕಾಯುವಿಕೆ. ಮಧ್ಯಾಹ್ನದ ಬಿಸಿಲಿಗೆ ಬಂಕರಿನ ನೆರಳು ಅಂಗೈಯಗಲ. ಒಬ್ಬ ಮರಳುಚೀಲಕ್ಕೆ ಒರಗಿ ಗಿಟಾರಿನ ತಂತಿ ಮಿಡಿಯುತ್ತಾನೆ. ಇಬ್ಬರು ಹುಡುಗಾಟಕ್ಕೆ ಶುರುಮಾಡಿದ ಕುಸ್ತಿ ನಿಜದ ಕುಸ್ತಿಯಾಗುತ್ತದೆ. ಹಳೆಯ ಡಿಸ್ಕೊ ಹಾಡಿಗೆ ನಾಲ್ಕೈದು ಜನ ಇಕ್ಕಟ್ಟಿನ ಗೂಡಿನಲ್ಲಿ ಸೊಂಟ ಕುಣಿಸುತ್ತಾರೆ, ಒಬ್ಬರನ್ನೊಬ್ಬರು ತಬ್ಬಿ ಕೇಕೆ ಹಾಕುತ್ತಾರೆ. ಹೊರಗೆ ದುರ್ಬೀನಿಗೆ ಕಣ್ಣಿಟ್ಟವನು ಮಾತ್ರ ಕದಲುವುದಿಲ್ಲ. ಎದುರಿನ ಇಳಿಜಾರಿನಲ್ಲಿ ಯಾರೋ ನಡೆಯುತ್ತಿದ್ದಾರೆ; ಕಟ್ಟಿಗೆ ಹೊತ್ತವನೋ, ಬಂದೂಕು ಹೊತ್ತವನೋ, ಅಷ್ಟು ದೂರದಿಂದ ತಿಳಿಯದು. ಆ ಕಾಲದಲ್ಲಿ ಅಫ್ಘಾನಿಸ್ತಾನದಲ್ಲಿ ನಡೆಯುತ್ತಿದ್ದ ಒಟ್ಟು ಕಾಳಗದ ಐದನೇ ಒಂದರಷ್ಟು ಈ ಪುಟ್ಟ ಕಣಿವೆಯಲ್ಲೇ ನಡೆಯುತ್ತಿತ್ತೆಂದು ಯುಂಗರ್ ಬರೆದಿದ್ದಾರೆ. ಒಂದೇ ದಿನ ನಾಲ್ಕೈದು ಸಲ ಗುಂಡಿನ ಚಕಮಕಿ ನಡೆದದ್ದೂ ಉಂಟು. ಹಾಗಿದ್ದೂ ಉಳಿದ ಗಂಟೆಗಳು ಉದ್ದವಾಗಿರುತ್ತವೆ, ಮತ್ತು ಆ ಉದ್ದವೇ ಮನುಷ್ಯನನ್ನು ಸವೆಸುತ್ತದೆ.

ಈ ಉದ್ದವನ್ನು ಹಿಡಿಯಲು ಇಬ್ಬರು ನಿರ್ದೇಶಕರೂ ಅದರೊಳಗೇ ಬದುಕಬೇಕಾಯಿತು. ಒಮ್ಮೆ ಒಬ್ಬರು, ಒಮ್ಮೆ ಇಬ್ಬರೂ, ಒಟ್ಟು ಹತ್ತು ಸಲ ಕಣಿವೆಗೆ ಹೋದರು. ಹುಡುಗರ ಪಕ್ಕದಲ್ಲೇ ಮಲಗಿದರು, ಅವರು ಹತ್ತಿದ ಗುಡ್ಡವನ್ನೇ ಹತ್ತಿದರು. ಯುಂಗರ್ ಕೂತಿದ್ದ ಹಂವಿ ವಾಹನದ ಕೆಳಗೆ ಬಾಂಬು ಸಿಡಿಯಿತು. ಸ್ಫೋಟ ಎಂಜಿನ್ನಿನ ಕೆಳಗೆ ಆದದ್ದರಿಂದ ಒಳಗಿದ್ದವರು ಬದುಕಿದರು, ಕ್ಯಾಮೆರಾ ಓಡುತ್ತಲೇ ಇತ್ತು. ಹೆದರಿಂಗ್‌ಟನ್ ಕಾಲಿನ ಮೂಳೆ ಮುರಿದುಕೊಂಡು ರಾತ್ರಿಯಿಡೀ ತುಕಡಿಯೊಂದಿಗೆ ಬೆಟ್ಟ ಇಳಿದರು. ಹೀಗೆ ಕೂಡಿಬಂದ ಸುಮಾರು 150 ಗಂಟೆಗಳ ದೃಶ್ಯದಿಂದ ಉಳಿದದ್ದು 93 ನಿಮಿಷ. ಅದರಲ್ಲಿ ಹಿನ್ನೆಲೆ ನಿರೂಪಣೆಯ ದನಿಯಿಲ್ಲ. ಜನರಲ್‌ಗಳಿಲ್ಲ, ಮಂತ್ರಿಗಳಿಲ್ಲ, ಯುದ್ಧ ಸರಿಯೋ ತಪ್ಪೋ ಎಂದು ವಾದಿಸುವ ಪಂಡಿತರಿಲ್ಲ. ಹುಡುಗರು ಕಂಡದ್ದನ್ನಷ್ಟೇ ನಾವೂ ಕಾಣಬೇಕೆಂಬುದು ನಿರ್ದೇಶಕರ ಹಟ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಆ ವರ್ಷ ಸಾಕ್ಷ್ಯಚಿತ್ರ ವಿಭಾಗದ ದೊಡ್ಡ ಪ್ರಶಸ್ತಿ ಇದಕ್ಕೆ ಬಂತು; ಆಸ್ಕರಿನ ಅಂತಿಮ ಪಟ್ಟಿಗೂ ಹೋಯಿತು.

ನಡುನಡುವೆ ಬೆಟ್ಟ ಮಾಯವಾಗಿ ಪರದೆಯ ತುಂಬ ಒಂದು ಮುಖ ಬರುತ್ತದೆ. ಹಿಂದೆ ಕಪ್ಪು. ಯುದ್ಧ ಮುಗಿಸಿ ಇಟಲಿಯ ವಿಚೆಂಜಾದ ತಮ್ಮ ನೆಲೆಗೆ ಮರಳಿದ ಕೆಲವು ತಿಂಗಳ ಮೇಲೆ ಅದೇ ಹುಡುಗರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದ್ದಾರೆ. ಮುಖ ತೊಳೆದಿದೆ, ಗಡ್ಡ ಹೆರೆದಿದೆ, ಅಂಗಿಗೆ ಇಸ್ತ್ರಿಯಿದೆ. ಕಣ್ಣು ಮಾತ್ರ ಇನ್ನೂ ಎದುರು ಬೆಟ್ಟವನ್ನು ನೋಡುತ್ತಿದೆ. ಒಬ್ಬನ ತಂದೆತಾಯಿ ಹಿಪ್ಪಿಗಳು, ಮಗನಿಗೆ ಆಟಿಕೆಯ ಬಂದೂಕನ್ನೂ ಕೊಡಿಸಿದವರಲ್ಲ. ಇನ್ನೊಬ್ಬ ಮುಗುಳ್ನಗುತ್ತಲೇ ಹೇಳುತ್ತಾನೆ, ನಿದ್ರೆಯ ಮಾತ್ರೆಗಳಲ್ಲಿ ನಾಲ್ಕೈದು ಬಗೆ ನುಂಗಿ ನೋಡಿದನಂತೆ, ಯಾವುದೂ ಹಿಡಿಯಲಿಲ್ಲವಂತೆ. ಕನಸಿನಲ್ಲಿ ಬರುವುದನ್ನು ನೋಡುವುದಕ್ಕಿಂತ ಎಚ್ಚರವಿರುವುದೇ ವಾಸಿಯಂತೆ. ಆ ನಗು ತುಟಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಕ್ಯಾಮೆರಾ ಅವಸರಪಡುವುದಿಲ್ಲ. ಮಾತು ಮುಗಿದ ಮೇಲೂ ಆ ಮುಖದ ಮೇಲೆ ನಿಂತೇ ಇರುತ್ತದೆ, ನಾವೂ ನಿಲ್ಲಲೇಬೇಕಾಗುತ್ತದೆ.

ಈಗ ಗೋಡೆಯ ಆಚೆ ಬದಿಗೆ ತಿರುಗೋಣ. ವಾರಕ್ಕೊಮ್ಮೆ ಹಳ್ಳಿಯ ಹಿರಿಯರು ಕೆಳಗಿನ ದೊಡ್ಡ ಠಾಣೆಗೆ ಬರುತ್ತಾರೆ. ಮದರಂಗಿ ಹಚ್ಚಿದ ಕೆಂಪುಗಡ್ಡ, ಸುಕ್ಕುಗಟ್ಟಿದ ಕೈಗಳು, ಹೆಗಲ ಮೇಲೆ ಕಂದಿದ ಹೊದಿಕೆ. ಎದುರಿಗೆ ಅವರ ಮೊಮ್ಮಕ್ಕಳ ವಯಸ್ಸಿನ ಕ್ಯಾಪ್ಟನ್. ಅವನು ರಸ್ತೆ ಬರುತ್ತದೆ, ದುಡ್ಡು ಬರುತ್ತದೆ, ಕೆಲಸ ಬರುತ್ತದೆ ಎನ್ನುತ್ತಾನೆ. ದುಭಾಷಿ ಅದನ್ನು ದಾಟಿಸುವಷ್ಟು ಹೊತ್ತೂ ಹಿರಿಯರ ಮುಖದಲ್ಲಿ ಒಂದು ಗೆರೆ ಕದಲುವುದಿಲ್ಲ. ಒಮ್ಮೆ ಅವರು ಒಂದು ಹಸುವಿನ ವಿಷಯ ಎತ್ತುತ್ತಾರೆ. ಹೊರಠಾಣೆಯ ಮುಳ್ಳುತಂತಿಗೆ ಸಿಕ್ಕಿಕೊಂಡ ಹಸುವನ್ನು ಹುಡುಗರು ಕೊಂದು ಸುಟ್ಟು ತಿಂದಿದ್ದರು; ತಿಂಗಳುಗಟ್ಟಲೆ ಪೊಟ್ಟಣದ ಊಟ ತಿಂದವರಿಗೆ ಅದು ಹಬ್ಬ. ಹಸುವಿನ ಒಡೆಯನಿಗೆ ಅದು ಬದುಕು. ಹಿರಿಯರು ಕೇಳುವುದು ದುಡ್ಡು. ಹಸುವಿನ ತೂಕದಷ್ಟು ಅಕ್ಕಿ, ಕಾಳು, ಸಕ್ಕರೆ ಕೊಡುತ್ತೇವೆ, ದುಡ್ಡು ಕೊಡಲಾಗದು ಎಂಬ ಉತ್ತರ ಸಿಗುತ್ತದೆ. ಒಂದು ಹಸುವಿನ ಬೆಲೆಯನ್ನು ತೂಕದಲ್ಲಿ ಅಳೆಯುವವರೂ ಅದರ ಹಾಲು ಕರೆದು ಬದುಕುವವರೂ ಒಂದೇ ಚಾಪೆಯ ಮೇಲೆ ಕೂತಿದ್ದಾರೆ. ಇಡೀ ಯುದ್ಧದಲ್ಲಿ ಎಡವಟ್ಟಾದದ್ದು ಎಲ್ಲಿ ಎಂದು ಕೇಳುವವರಿಗೆ ಈ ಕೆಲವು ನಿಮಿಷಗಳನ್ನು ತೋರಿಸಿದರೆ ಸಾಕು.

ಆ ಹಿರಿಯರ ಮೌನಕ್ಕೆ ಇನ್ನೊಂದು ಕಾರಣವಿದೆ, ಚಿತ್ರದಲ್ಲಿ ಅದು ವಿವರವಾಗಿ ಬರುವುದಿಲ್ಲ. ಕೊರೆಂಗಲಿನವರು ತಲೆಮಾರುಗಳಿಂದ ದೇವದಾರು ಮರ ಮಾರಿ ಬದುಕಿದವರು. ಕಾಬೂಲಿನ ಹೊಸ ಸರ್ಕಾರ ಆ ವ್ಯಾಪಾರಕ್ಕೆ ನಿಷೇಧ ಹಾಕಿತು. ಮರದ ವ್ಯಾಪಾರಿಗಳ ನಡುವಿನ ಹಗೆಯೂ ಅದಕ್ಕೆ ಬೆರೆಯಿತು. ಅಮೆರಿಕದ ಸೈನ್ಯ ಕಣಿವೆಯ ದೊಡ್ಡ ಠಾಣೆ ಹೂಡಿದ್ದು ಮೊದಲು ಮರದ ಅಡ್ಡೆಯಾಗಿದ್ದ ಜಾಗದಲ್ಲಿ. ಗರಗಸದ ಸದ್ದಿದ್ದಲ್ಲಿ ಹೆಲಿಕಾಪ್ಟರಿನ ಸದ್ದು, ಮರದ ಹೊಟ್ಟಿನ ವಾಸನೆಯಿದ್ದಲ್ಲಿ ಡೀಸೆಲಿನ ವಾಸನೆ. ಬೆಟ್ಟದ ಮೇಲಿನ ಹುಡುಗನಿಗೆ ಇದು ತಿಳಿಯದು. ಅವನ ಹಿಂದೆ ನಿಂತ ಕ್ಯಾಮೆರಾಕ್ಕೂ ಅರ್ಧ ಕಣಿವೆಯಷ್ಟೇ ಕಾಣುತ್ತದೆ.

ಆ ಉಳಿದರ್ಧ ಒಮ್ಮೆ ಮಾತ್ರ ತೀರ ಹತ್ತಿರ ಬರುತ್ತದೆ. 2007ರ ಅಕ್ಟೋಬರಿನಲ್ಲಿ ‘ರಾಕ್ ಅವಲಾಂಚ್’ ಎಂಬ ಕಾರ್ಯಾಚರಣೆ. ರಾತ್ರಿ ವಿಮಾನದಿಂದ ಬಿದ್ದ ಬಾಂಬಿಗೆ ಹಳ್ಳಿಯ ಮನೆಯೊಂದು ಒಡೆದಿದೆ, ಬೆಳಗ್ಗೆ ಕ್ಯಾಪ್ಟನ್ ಅಲ್ಲಿಗೆ ಬಂದಿದ್ದಾನೆ. ಗಾಯಗೊಂಡ ಮಕ್ಕಳು, ಮಾತಿಲ್ಲದ ಗಂಡಸರು, ಧೂಳು ಮೆತ್ತಿದ ಕಂಬಳಿಗಳು. ಅದಾದ ಕೆಲವೇ ಹೊತ್ತಿನಲ್ಲಿ ದೃಶ್ಯ ಈಚೆ ಬದಿಗೆ ಹೊರಳುತ್ತದೆ. ಎಲ್ಲರೂ ಗಟ್ಟಿಗನೆಂದು ನಂಬಿದ್ದ ಒಬ್ಬ ಸಾರ್ಜೆಂಟ್ ಸತ್ತಿದ್ದಾನೆ. ಸುದ್ದಿ ಕೇಳಿದ ಗೆಳೆಯ ಮರಗಳ ನಡುವೆ ನಿಂತು ಬಿಕ್ಕಿಬಿಕ್ಕಿ ಅಳುತ್ತಾನೆ, ಇನ್ನೊಬ್ಬ ಅವನನ್ನು ತಬ್ಬಿ ಹಿಡಿಯುತ್ತಾನೆ. ಎರಡೂ ಅಳು ಒಂದೇ ಕಣಿವೆಯದು. ಒಂದು ಅಳುವಿನ ಒಡೆಯನ ಹೆಸರು ನಮಗೆ ಗೊತ್ತು, ಅವನ ಊರು, ಅವನ ಹುಡುಗಾಟ ಗೊತ್ತು. ಇನ್ನೊಂದರದು ಗೊತ್ತಿಲ್ಲ. ಒಳ್ಳೆಯ ಸಾಕ್ಷ್ಯಚಿತ್ರ ಈ ಕೊರತೆಯನ್ನು ಮುಚ್ಚಿಡುವುದಿಲ್ಲ. ಅದನ್ನು ನೋಡುವವನ ಮಡಿಲಿಗೆ ಹಾಕುತ್ತದೆ.

ಅದೇ 2010ರಲ್ಲಿ ಡೆನ್ಮಾರ್ಕಿನಿಂದ ಇನ್ನೊಂದು ಚಿತ್ರ ಬಂತು, ಯಾನುಸ್ ಮೆಟ್ಜ್ ನಿರ್ದೇಶನದ ‘ಅರ್ಮಡಿಲ್ಲೊ’. ಇಲ್ಲಿ ಬೆಟ್ಟವಿಲ್ಲ. ಅಫ್ಘಾನಿಸ್ತಾನದ್ದೇ ಆದ ಹೆಲ್ಮಂಡ್ ಪ್ರಾಂತ್ಯದ ಸಪಾಟು ಬಯಲು, ಕಾಲುವೆ, ಮಣ್ಣಿನ ಗೋಡೆಗಳ ಹಳ್ಳಿ, ಎದೆಮಟ್ಟದ ಹಸಿರು ಪೈರು. ಕೋಪನ್‌ಹೇಗನ್ನಿನ ವಿಮಾನ ನಿಲ್ದಾಣದಲ್ಲಿ ತಾಯಂದಿರ ಕಣ್ಣೀರಿನಿಂದ ಬಿಡಿಸಿಕೊಂಡು ಬಂದ ಹುಡುಗರು ಆರು ತಿಂಗಳು ಇಲ್ಲಿರುತ್ತಾರೆ. ಮೊದಲು ಬೇಸರ, ಕಂಪ್ಯೂಟರ್ ಆಟ, ಬಿಸಿಲಿಗೆ ನೀರಾಟ, ಏನಾದರೂ ಆಗಬಾರದೇ ಎಂಬ ಹಂಬಲ. ಹಳ್ಳಿಯವರು ಬಂದು ತುಳಿದ ಬೆಳೆಗೆ ಪರಿಹಾರ ಕೇಳುತ್ತಾರೆ. ನಿಮ್ಮ ಕೈಯಲ್ಲೂ ಬಂದೂಕು, ಅವರ ಕೈಯಲ್ಲೂ ಬಂದೂಕು, ನಡುವೆ ಸಾಯುವವರು ನಾವು ಎಂಬ ಅರ್ಥದಲ್ಲಿ ಮಾತಾಡುತ್ತಾರೆ. ಕೊನೆಗೊಮ್ಮೆ ಹಂಬಲಿಸಿದ್ದು ಎದುರಾಗುತ್ತದೆ. ಕಾಲುವೆಯಂಥ ಗುಂಡಿಯೊಂದರಲ್ಲಿ ಅಡಗಿದ್ದ ತಾಲಿಬಾನ್ ಹೋರಾಟಗಾರರ ಮೇಲೆ ಗ್ರೆನೇಡ್ ಬೀಳುತ್ತದೆ, ಗುಂಡು ಹಾರುತ್ತದೆ, ಹೆಣಗಳನ್ನು ಮೇಲೆಳೆಯುತ್ತಾರೆ. ಆಮೇಲೆ ಠಾಣೆಯಲ್ಲಿ ಅದನ್ನು ನೆನೆದು ಆಡುವ ಮಾತಿನಲ್ಲಿ ನಗೆಯಿದೆ, ಬದುಕಿ ಉಳಿದವನ ಉನ್ಮಾದವಿದೆ. ಚಿತ್ರ ತೆರೆಕಂಡಾಗ ಡೆನ್ಮಾರ್ಕ್ ದೇಶವೇ ಆ ನಗೆಯ ಬಗ್ಗೆ ಜಗಳಕ್ಕೆ ಬಿತ್ತು. ತನಿಖೆ ನಡೆಯಿತು, ಯಾರ ಮೇಲೂ ಆರೋಪ ನಿಲ್ಲಲಿಲ್ಲ. ಕಾನ್ ಚಿತ್ರೋತ್ಸವದ ವಿಮರ್ಶಕರ ವಾರದಲ್ಲಿ ಚಿತ್ರಕ್ಕೆ ಮೊದಲ ಬಹುಮಾನ ಸಿಕ್ಕಿತು. ನನಗೆ ಆ ಜಗಳವೇ ದೊಡ್ಡದೆನಿಸುತ್ತದೆ. ದೂರದ ನಾಡಿನಲ್ಲಿ ತಮ್ಮ ಹೆಸರಿನಲ್ಲಿ ನಡೆದದ್ದನ್ನು ಒಂದು ಸಣ್ಣ ದೇಶದ ಜನ ಚಿತ್ರಮಂದಿರದಲ್ಲಿ ಕೂತು ನೋಡಿದರು, ತಮ್ಮ ಮಕ್ಕಳ ಮುಖ ಬದಲಾಗಿರುವುದನ್ನು ಗುರುತಿಸಿದರು, ಸುಮ್ಮನಿರಲಿಲ್ಲ.

ಸೈನಿಕರ ಜೊತೆಗೇ ಇದ್ದು ಚಿತ್ರ ಮಾಡುವ ಈ ದಾರಿಯನ್ನು ಬಹಳ ಮೊದಲೇ ತುಳಿದವರು ಫ್ರಾನ್ಸಿನ ಪಿಯೆರ್ ಶೂಂಡೊರ್ಫೆರ್. ಸ್ವತಃ ಸೈನ್ಯದ ಕ್ಯಾಮೆರಾದವರಾಗಿ 1954ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂ ಪತನದಲ್ಲಿ ಸೆರೆಸಿಕ್ಕಿದ್ದವರು. ಹನ್ನೆರಡು ವರ್ಷದ ಮೇಲೆ ಅದೇ ನಾಡಿಗೆ ಮರಳಿ, ಜೋಸೆಫ್ ಆಂಡರ್ಸನ್ ಎಂಬ ಕಪ್ಪುವರ್ಣದ ಯುವ ಲೆಫ್ಟಿನೆಂಟನ ಕೈಕೆಳಗಿದ್ದ 33 ಜನರ ಅಮೆರಿಕನ್ ಪ್ಲಟೂನಿನೊಂದಿಗೆ ಆರು ವಾರ ನಡೆದರು. ಮಳೆಗೆ ತೊಯ್ದ ಕಾಡು, ಕೆಸರಿನಲ್ಲಿ ಹೂತ ಬೂಟು, ಹೆಲ್ಮೆಟ್ಟಿನಿಂದ ತೊಟ್ಟಿಕ್ಕುವ ನೀರು, ಊಟದ ಡಬ್ಬಿ ಕೆರೆಯುವ ಚಮಚ, ರಜೆಯಲ್ಲಿ ಸೈಗಾನಿನ ಬೀದಿ ಅಲೆಯುವ ಒಬ್ಬ ಹುಡುಗ. ಫ್ರೆಂಚ್ ಟಿವಿಗೆಂದು ತೆಗೆದ, ಕಪ್ಪುಬಿಳುಪಿನ ‘ದಿ ಆಂಡರ್ಸನ್ ಪ್ಲಟೂನ್’ 1968ರಲ್ಲಿ ಆಸ್ಕರ್ ಗೆದ್ದಿತು. ಸೋತ ಸೈನ್ಯದಲ್ಲಿದ್ದವನ ಕಣ್ಣು ಅದರಲ್ಲಿದೆ, ಹಾಗಾಗಿ ಅಬ್ಬರವಿಲ್ಲ. ನಡೆಯುವವರ ಆಯಾಸ ಅದಕ್ಕೆ ಗೊತ್ತು.

ಪರದೇಶದ ಯುದ್ಧಕ್ಕೆ ಹೋದವರಲ್ಲಿ ನಮ್ಮವರೂ ಇದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲ್ಯಾನ್ಸರ್‌ಗಳಿದ್ದರು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ಪ್ರತಿಮೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ಹಸಿವಿಲ್ಲ, ಊರಿನ ನೆನಪಿಲ್ಲ, ಕುದುರೆಯ ಮೈ ಉಜ್ಜಿ ಸೋತ ತೋಳಿಲ್ಲ. ಅಂಥ ಸೈನಿಕನ ಬಾಯಿಂದಲೇ ಒಂದು ಮಾತು ಕೇಳಬೇಕೆಂದರೆ ಫಿಲಿಪ್ ಶೆಫ್ನರ್ 2007ರಲ್ಲಿ ಮಾಡಿದ ಜರ್ಮನ್ ಸಾಕ್ಷ್ಯಚಿತ್ರ ‘ದಿ ಹಾಫ್‌ಮೂನ್ ಫೈಲ್ಸ್’ಗೆ ಹೋಗಬೇಕು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಕಾದಾಡಿ ಜರ್ಮನರಿಗೆ ಸೆರೆಸಿಕ್ಕ ಭಾರತೀಯರನ್ನು ಬರ್ಲಿನ್ನಿನ ದಕ್ಷಿಣಕ್ಕಿರುವ ವ್ಯೂನ್ಸ್‌ಡಾರ್ಫಿನ ‘ಅರ್ಧಚಂದ್ರ ಶಿಬಿರ’ದಲ್ಲಿ ಇಟ್ಟಿದ್ದರು. ಅಲ್ಲಿಗೆ ಪಂಡಿತರು ಗ್ರಾಮಾಫೋನಿನ ಕಹಳೆ ಹೊತ್ತು ಬರುತ್ತಿದ್ದರು. ಲೋಕದ ಭಾಷೆಗಳನ್ನೆಲ್ಲ ತಟ್ಟೆಗಳಲ್ಲಿ ಕೂಡಿಡುವುದು ಅವರ ಯೋಜನೆ. ಭಾಷೆ ಬೇಕಿತ್ತು, ಆಡುವವನು ಯಾರಾದರೂ ಸರಿ. 1916ರ ಡಿಸೆಂಬರ್ 11ರಂದು ಪಂಜಾಬಿನ ಮಲ್ ಸಿಂಗ್ ಆ ಕಹಳೆಯೆದುರು ನಿಂತ. ಒಬ್ಬ ಮನುಷ್ಯನಿದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ ಎಂದು ಬೇರೆಯವರ ಕಥೆಯಂತೆ ತನ್ನದನ್ನೇ ಹೇಳಿದ. ಯುರೋಪಿನ ಯುದ್ಧಕ್ಕೆ ಬಂದು ಸಿಕ್ಕಿಬಿದ್ದದ್ದು, ಊರಿಗೆ ಹೋದರೆ ಆ ಊಟ ಮತ್ತೆ ಸಿಕ್ಕೀತು, ಇಲ್ಲೇ ಉಳಿದರೆ ಸಾವೇ ಗತಿ ಎಂದದ್ದು, ಎಲ್ಲ ಸೇರಿ ಒಂದೂವರೆ ನಿಮಿಷವೂ ಆಗುವುದಿಲ್ಲ. ಆ ದನಿ ಬರುವಾಗ ಶೆಫ್ನರ್ ಪರದೆಯನ್ನು ಕಪ್ಪಾಗಿ ಬಿಡುತ್ತಾರೆ. ತೋರಿಸಲು ಏನೂ ಇಲ್ಲ. ಸೂಜಿ ಕೆರೆಯುವ ಸದ್ದು, ಅದರ ಹಿಂದೆ ಒಬ್ಬ ಹಸಿದವನ ಉಸಿರು. ಬೆಣ್ಣೆ ಎಂಬ ಒಂದು ತಿನಿಸಿನಲ್ಲಿ ಅವನ ಮನೆ, ಅವನ ಎಮ್ಮೆ, ಅವನ ತಾಯಿಯ ಕೈ ಎಲ್ಲವೂ ಇರಬೇಕು ಎಂದು ನಮ್ಮ ಮನಸ್ಸೇ ಕಟ್ಟಿಕೊಳ್ಳುತ್ತದೆ.

ಸೈನಿಕನನ್ನು ಪ್ರತಿಮೆಯಿಂದ ಕೆಳಗಿಳಿಸಿ, ಅಗೆಯುವ, ಕಾಯುವ, ಹಸಿಯುವ, ಹೆದರುವ ಮನುಷ್ಯನನ್ನಾಗಿ ನಮ್ಮ ಪಕ್ಕದಲ್ಲಿ ಕೂರಿಸುವುದೇ ಈ ಚಿತ್ರಗಳ ದೊಡ್ಡ ಉಪಕಾರ. ಅವನನ್ನು ಪ್ರೀತಿಸತೊಡಗಿದ ಮೇಲೆ ಅವನನ್ನು ಅಲ್ಲಿಗೆ ಕಳಿಸಿದ್ದೇಕೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಕೊರೆಂಗಲಿನ ಲೆಕ್ಕ ನೋಡಿ. ಆ ಕಣಿವೆಯಲ್ಲಿ ಸತ್ತ ಅಮೆರಿಕನ್ ಸೈನಿಕರು ಐವತ್ತರ ಹತ್ತಿರ. 2010ರ ಏಪ್ರಿಲ್‌ನಲ್ಲಿ ಸೈನ್ಯ ಅಲ್ಲಿಂದ ಎದ್ದು ಹೊರಟಿತು. ರಾತ್ರಿಯಿಡೀ ಅಗೆದು ಕಟ್ಟಿದ ಗೋಡೆಗಳು ಬೇಡವಾದವು. ಕಣಿವೆಯ ಗದ್ದೆಗಳಲ್ಲಿ ಅದರ ಹಿರಿಯರು ಉಳಿದರು.

‘ರೆಸ್ಟ್ರೆಪೊ’ ಬಂದ ಮರುವರ್ಷ, 2011ರ ಏಪ್ರಿಲ್ 20ರಂದು, ಲಿಬಿಯಾದ ಮಿಸ್ರಾತಾದಲ್ಲಿ ಇನ್ನೊಂದು ಯುದ್ಧವನ್ನು ಚಿತ್ರಿಸುತ್ತಿದ್ದ ಹೆದರಿಂಗ್‌ಟನ್ ಸ್ಫೋಟದ ಚೂರು ತಗುಲಿ, ರಕ್ತ ಹರಿದು ಸತ್ತರು. ಅವರೊಂದಿಗೆ ಛಾಯಾಗ್ರಾಹಕ ಕ್ರಿಸ್ ಹೊಂಡ್ರೊಸ್ ಕೂಡ ತೀರಿಕೊಂಡರು. ಪಕ್ಕದಲ್ಲಿದ್ದ ಯಾರಿಗಾದರೂ ರಕ್ತ ಕಟ್ಟುವ ವಿದ್ಯೆ ಬಂದಿದ್ದರೆ ಗೆಳೆಯ ಉಳಿಯಬಹುದಿತ್ತೇನೋ ಎಂಬ ನೋವು ಯುಂಗರ್ ಅವರನ್ನು ಬಿಡಲಿಲ್ಲ. ಅವರು ‘ರಿಸ್ಕ್’ ಎಂಬ ಸಂಸ್ಥೆ ಕಟ್ಟಿ, ಯಾವ ಪತ್ರಿಕೆಯ ಆಸರೆಯೂ ಇಲ್ಲದೆ ಯುದ್ಧಭೂಮಿಗೆ ಹೋಗುವ ಸ್ವತಂತ್ರ ವರದಿಗಾರರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಶುರುಮಾಡಿದರು. ಗಾಯದ ಮೇಲ್ಗಡೆ ಪಟ್ಟಿ ಬಿಗಿಯುವುದು, ಉಸಿರಿನ ದಾರಿ ತೆರೆಯುವುದು, ಬಿದ್ದವನನ್ನು ಎಳೆದು ಮರೆಗೆ ತರುವುದು, ಇವನ್ನೆಲ್ಲ ಕೈಯಾರೆ ಮಾಡಿಸಿ ಕಲಿಸುತ್ತಾರೆ. ದೂರದ ಯುದ್ಧದ ಸತ್ಯ ನಮ್ಮ ಮನೆಯ ಪರದೆಗೆ ಬರಬೇಕಾದರೆ ಅದನ್ನು ತರುವವರು ಬದುಕಿ ಹಿಂತಿರುಗಬೇಕು. ಅವರು ತಂದದ್ದನ್ನು ಕೊನೆಯವರೆಗೂ ಕೂತು ನೋಡುವುದು ನಮ್ಮ ಪಾಲಿನ ಕೆಲಸ. ನೋಡಿದ ಮೇಲೆ ಕ್ಯಾಮೆರಾ ತಿರುಗದ ಕಡೆಯ ಹಳ್ಳಿಯವರ ಬಗ್ಗೆಯೂ ಕೇಳಬೇಕಾದವರು ನಾವೇ.